ಸ್ಕಾಟ್ಸ್ ಭಾಷೆಯಲ್ಲಿ ನನ್ನ ಕೈ

ಮನುಷ್ಯನಿಗೆ ತನ್ನ ಕೈಯ ಮೇಲೆ ಗೌರವ ಹುಟ್ಟಬೇಕಾದರೆ ಅದು ಒಮ್ಮೆಯಾದರೂ ಮುರಿಯಬೇಕು ಎಂಬುದು ಅನುಭವದಿಂದ ನಾನು ಕಂಡುಕೊಂಡ ಸತ್ಯ. ಮುರಿಯುವ ತನಕ ಅದರ ಕಡೆ ಯಾರು ತಿರುಗಿ ನೋಡುತ್ತಾರೆ? ಕಣ್ಣಿಗೆ ಕನ್ನಡಕ ಕೊಡಿಸುತ್ತೇವೆ, ಹಲ್ಲಿಗೆ ಪೇಸ್ಟು, ಕೂದಲಿಗೆ ಅದು ಇರುವಷ್ಟು ಕಾಲ ಎಣ್ಣೆ. ಇಷ್ಟನ್ನೆಲ್ಲ ಹಚ್ಚಿ, ತಿಕ್ಕಿ, ಒರೆಸುವ ಕೈಗೆ ಮಾತ್ರ ಏನೂ ಇಲ್ಲ. ಮಾತಿನಲ್ಲಿ ಬೇಕಾದರೆ ಅದಿಲ್ಲದೆ ನಮಗೆ ಒಂದು ಹೆಜ್ಜೆಯೂ ಸಾಗುವುದಿಲ್ಲ. ಮದುವೆಯಾದರೆ ಕೈ ಹಿಡಿದೆವು ಎನ್ನುತ್ತೇವೆ, ಸೋತರೆ ಕೈ ಚೆಲ್ಲುತ್ತೇವೆ, ಸಾರು ರುಚಿಯಾದರೆ ಕೈಗುಣ ಎನ್ನುತ್ತೇವೆ, ನಂಬಿದವರು ನಡುನೀರಿನಲ್ಲಿ ಬಿಟ್ಟುಹೋದರೆ ಕೈಕೊಟ್ಟರು ಎನ್ನುತ್ತೇವೆ. ಎಲ್ಲರಿಗೂ ಯಾರೋ ಬೇರೆಯವರು ಕೈಕೊಟ್ಟರೆ ನನಗೆ ಕೈಕೊಟ್ಟದ್ದು ನನ್ನ ಕೈಯೇ. ಅದೂ ಬಲಗೈ.

ಆಗ ನಾನು ಅಮೆರಿಕದ ಸ್ಯಾನ್ ಪೀಡ್ರೊದಲ್ಲಿ, ಬಂದರಿನ ಹತ್ತಿರ, ಹಡಗು ಸಾಗಣೆಯ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದೆ. ಯಾವ ಕಂಟೇನರು ಯಾವ ಹಡಗಿನಿಂದ ಇಳಿದು ಯಾವ ಲಾರಿ ಹತ್ತಬೇಕು ಎಂದು ಕಂಪ್ಯೂಟರಿನ ಮುಂದೆ ಕುಳಿತು ಹೇಳುವುದು ನನ್ನ ಉದ್ಯೋಗ. ಅಂದರೆ ದಿನವಿಡೀ ಸಾವಿರಾರು ಟನ್ ಭಾರ ಎತ್ತಿಸುತ್ತಿದ್ದೆ, ನಾನು ಮಾತ್ರ ಕಾಫಿ ಕಪ್ಪಿಗಿಂತ ಹೆಚ್ಚಿನದನ್ನು ಎತ್ತುತ್ತಿರಲಿಲ್ಲ. ಒಂದು ಭಾನುವಾರ ಮಗಳು ಮೇಘಾಳನ್ನು ಸಮುದ್ರದಂಡೆಯ ಕಾಲುದಾರಿಗೆ ಸ್ಕೇಟಿಂಗಿಗೆ ಕರೆದುಕೊಂಡು ಹೋದೆ. ಅವಳಿಗಾಗ ಒಂಬತ್ತು ವರ್ಷ. ಅವಳು ಕಾಲು ನಡುಗಿಸುತ್ತ ಹೋಗುತ್ತಿದ್ದರೆ ನಾನು ಬೆಂಚಿನ ಮೇಲೆ ಕುಳಿತು, "ಮಂಡಿ ಬಗ್ಗಿಸು, ಮುಂದ ನೋಡು, ಹೆದರಬ್ಯಾಡ" ಎಂದು ಕೂಗಿ ಹೇಳುತ್ತಿದ್ದೆ. ಸ್ವಲ್ಪ ಹೊತ್ತು ಕೇಳಿಸಿಕೊಂಡ ಅವಳು ಬಂದು ಎದುರಿಗೆ ನಿಂತು, "ಅಪ್ಪಾ, ವೈ ಡೋಂಟ್ ಯೂ ಟ್ರೈ?" ಎಂದಳು. ಇಂಥ ಪ್ರಶ್ನೆಗೆ ಉತ್ತರ ಕೊಡುವ ಬುದ್ಧಿವಂತರು ಜಗತ್ತಿನಲ್ಲಿದ್ದಾರೆ. ನಾನು ಹೋಗಿ ಬಾಡಿಗೆಗೆ ಒಂದು ಜೊತೆ ಸ್ಕೇಟ್ಸ್ ತಂದೆ. ಹಾಕಿಕೊಂಡೆ. ಎದ್ದು ನಿಂತೆ. "ನೋಡು, ನಿಂತೆ" ಎಂದು ಹೇಳಲು ಬಾಯಿ ತೆರೆದೆ. ಮಾತು ಮುಗಿಯುವಷ್ಟರಲ್ಲಿ ಬಿದ್ದಿದ್ದೆ. ಅಂಗೈ ಊರಿ ಬಿದ್ದ ರಭಸಕ್ಕೆ ಮಣಿಕಟ್ಟಿನಲ್ಲಿ ಒಣಕಡ್ಡಿ ಮುರಿದಂತೆ ಸದ್ದಾಯಿತು. ನನ್ನ ತಾಯಿಯ ವಯಸ್ಸಿನ ಹೆಂಗಸೊಬ್ಬರು ಸ್ಕೇಟ್ಸ್ ಮೇಲೆ ತೇಲುತ್ತ ಬಂದು, ನನ್ನನ್ನು ಒಂದು ಸುತ್ತು ಹಾಕಿ, "ಪರವಾಗಿಲ್ಲವೇ?" ಎಂದು ವಿಚಾರಿಸಿ ಮುಂದಕ್ಕೆ ತೇಲಿಹೋದರು. ಕೈಗಿಂತ ಹೆಚ್ಚು ನೋವಾದದ್ದು ಆಗ.

ಆಸ್ಪತ್ರೆಗೆ ಓಡಿಬಂದ ನನ್ನ ಹೆಂಡತಿ ಸುಮಾ ಮೊದಲು ಎಕ್ಸ್‌ರೇ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. "ರೀ, ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ ನಿಮ್ಗೆ?" ಎಂದಳು. ಆಫೀಸಿನಲ್ಲಿ ಕೇಳಿದವರಿಗೆಲ್ಲ ನಾನು "ಸ್ಪೋರ್ಟ್ಸ್ ಇಂಜುರಿ" ಎಂದು ಹೇಳಿದೆ. ಅದು ಸುಳ್ಳಲ್ಲ.

ಕೆಲವು ವಾರಗಳ ಮೇಲೆ ಪ್ಲಾಸ್ಟರ್ ಬಿಚ್ಚಿದಾಗ ಒಳಗಿನಿಂದ ಹೊರಬಂದದ್ದು ನನ್ನದೇ ಕೈ ಎಂದು ನಂಬುವುದು ಕಷ್ಟವಾಯಿತು. ಬಿಳುಚಿಕೊಂಡು, ಸೊರಗಿ, ಯಾರದೋ ಕೈಯನ್ನು ತಪ್ಪಿ ನನಗೆ ಜೋಡಿಸಿದ್ದಾರೆ ಎನ್ನುವ ಹಾಗಿತ್ತು. ಮುಷ್ಟಿ ಕಟ್ಟಲು ಹೋದರೆ ಬೆರಳುಗಳು ಅರ್ಧ ದಾರಿಗೆ ಬಂದು, ಸಂಜೆಯ ಹೊತ್ತು ಫ್ರೀವೇಯಲ್ಲಿ ಸಿಕ್ಕಿಕೊಂಡ ಕಾರುಗಳ ಹಾಗೆ ನಿಂತುಬಿಡುತ್ತಿದ್ದವು. ಮಣಿಕಟ್ಟು ಹಿಂದಕ್ಕೂ ಬಗ್ಗದು, ಮುಂದಕ್ಕೂ ಬಗ್ಗದು. ನನಗೆ ಆಗ ಎಲ್ಲಕ್ಕಿಂತ ದೊಡ್ಡ ಚಿಂತೆ ರೊಟ್ಟಿಯದಾಗಿತ್ತು. ನಾನು ಬಾಗಲಕೋಟೆ ಕಡೆಯವನು. ಸುಮಾ ಬೆಂಗಳೂರಿನವಳು. ನಮ್ಮ ಮನೆಯಲ್ಲಿ ಅನ್ನ, ಸಾರು, ಚಪಾತಿ ಅವಳ ಖಾತೆ, ಜೋಳದ ರೊಟ್ಟಿ ನನ್ನ ಖಾತೆ. ನಾರ್ತ್‌ರಿಜ್‌ನಲ್ಲಿ ಓದುತ್ತಿದ್ದಾಗ ಪೀಟ್ಜಾ ತಿಂದು ತಿಂದು ಸಾಕಾಗಿ, ಊರಿಗೆ ಫೋನ್ ಮಾಡಿ, ಅವ್ವ ಆ ಕಡೆಯಿಂದ "ಇನ್ನೂ ನಾದು, ಇನ್ನೂ ನಾದು" ಎಂದು ಕೂಗುತ್ತಿದ್ದರೆ ಈ ಕಡೆ ಕೇಳಿಸಿಕೊಂಡು ಕಲಿತ ವಿದ್ಯೆ ಅದು. ಅಂದು ನನ್ನ ಜೊತೆ ಒಂದೇ ಅಪಾರ್ಟ್‌ಮೆಂಟಿನಲ್ಲಿದ್ದ ಪ್ರಕಾಶ ಎರಡು ವರ್ಷ ಆ ರೊಟ್ಟಿಯನ್ನು ಒಂದು ಮಾತೂ ಆಡದೆ ತಿಂದಿದ್ದ. ಈಗ ಅವನು ಸ್ಯಾನ್ ಡಿಯಾಗೊದಲ್ಲಿ ಟೆಲಿಕಾಂ ಎಂಜಿನಿಯರ್. ಹೊಸ ಮನೆ ಕೊಂಡಿದ್ದ. ಗೃಹಪ್ರವೇಶದ ಊಟಕ್ಕೆ ರೊಟ್ಟಿ ನನ್ನದು ಎಂದು, ಬೀಳುವುದಕ್ಕೆ ಮೊದಲೇ, ನಾನಾಗಿಯೇ ಮಾತು ಕೊಟ್ಟುಬಿಟ್ಟಿದ್ದೆ.

ಡಾಕ್ಟರು ನನ್ನನ್ನು ಕೈಯ ಥೆರಪಿಗೆ ಕಳಿಸಿದರು. ಕೈಗೆಂದೇ ಬೇರೆ ಥೆರಪಿಸ್ಟ್ ಇರುತ್ತಾರೆಂದು ಅಲ್ಲಿಯ ತನಕ ನನಗೆ ಗೊತ್ತಿರಲಿಲ್ಲ. ಬಂದರಿನ ಕ್ರೇನುಗಳು ಕಿಟಕಿಯಿಂದ ಕಾಣುವ ಒಂದು ಸಣ್ಣ ಕ್ಲಿನಿಕ್ಕು. ಅಲ್ಲಿದ್ದವರ ಹೆಸರು ಎಫಿ. ಅರವತ್ತು ದಾಟಿದ, ಗಿಡ್ಡಗಿನ, ಬೆಳ್ಳಿಗೂದಲ ಹೆಂಗಸು. ಬಂದವರೇ ಬಾಗಿಲಲ್ಲಿ ನಿಂತು "ಬಸವರ್ರಾಜ್!" ಎಂದು ಕೂಗಿದರು. ನಾನು ದಂಗಾದೆ. ಅಮೆರಿಕಕ್ಕೆ ಬಂದ ಮೇಲೆ ನಾನು ಬಾಸ್ ಆಗಿದ್ದೆ, ಬಾಝ್ ಆಗಿದ್ದೆ, ಒಂದು ಬ್ಯಾಂಕಿನಲ್ಲಿ ಬಾರ್ಬರಾ ಕೂಡ ಆಗಿದ್ದೆ. ನನ್ನ ಹೆಸರಿನ ರಕಾರವನ್ನು ಇಷ್ಟು ಗಟ್ಟಿಯಾಗಿ, ಟ್ರ್ಯಾಕ್ಟರ್ ಸ್ಟಾರ್ಟ್ ಮಾಡಿದ ಹಾಗೆ ಉರುಳಿಸಿ ಹೇಳಿದವರು ಆ ದೇಶದಲ್ಲಿ ಅವರೊಬ್ಬರೇ. ನನ್ನ ಕೈಯನ್ನು ಮೇಜಿನ ಮೇಲಿಟ್ಟುಕೊಂಡು, ತಿರುಗಿಸಿ, ಒತ್ತಿ ನೋಡಿ, ಕೊನೆಗೆ ನನ್ನ ಮುಖ ನೋಡಿ ಹೇಳಿದರು: "ನೀವ್."

ನಾನು "ನಾನಾ?" ಎಂದೆ, ಕನ್ನಡದಲ್ಲೇ.

"ನೀವ್," ಎಂದರು ಇನ್ನಷ್ಟು ಗಟ್ಟಿಯಾಗಿ.

"ಹೌದ್ರಿ, ನಾನ. ಏನ್ ಮಾಡ್ಲಿ?" ಎಂದೆ. ಅವರು ತಮ್ಮ ಮುಷ್ಟಿ ಬಿಗಿದು ನನ್ನ ಮೂಗಿನ ಮುಂದೆ ಹಿಡಿದು "ನೀವ್!" ಎಂದು ಅಲ್ಲಾಡಿಸಿದರು. ಮೊದಲ ಭೇಟಿಯಲ್ಲೇ ಹೆಂಗಸೊಬ್ಬರು ಬಹುವಚನದಲ್ಲಿ ಮಾತಾಡಿಸಿ ಗುದ್ದಲು ಬರುವುದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. "ಕನ್ನಡ ಎಲ್ಲಿ ಕಲಿತಿರಿ?" ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಅವರು ಅದೇನೆಂದು ಕೇಳಿದರು. ನಾನು ವಿವರಿಸಿದ ಮೇಲೆ ಕುರ್ಚಿಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರು ಸ್ಕಾಟ್ಲೆಂಡಿನವರು. ಪೂರ್ವ ತೀರದ ಒಂದು ಮೀನುಗಾರರ ಊರು. ಹಡಗಿನಲ್ಲಿ ಕೆಲಸ ಮಾಡುತ್ತಿದ್ದವನನ್ನು ಮದುವೆಯಾಗಿ ಮೂವತ್ತು ವರ್ಷದ ಹಿಂದೆ ಸ್ಯಾನ್ ಪೀಡ್ರೊಗೆ ಬಂದಿದ್ದರು. ಅವರ ಭಾಷೆಯಲ್ಲಿ "ನೀವ್" ಎಂದರೆ ಮುಷ್ಟಿ. ಮುಷ್ಟಿ ಕಟ್ಟು ಎಂದು ನನಗೆ ಹೇಳುತ್ತಿದ್ದರು.

"ನಿಮ್ಮ ಇಂಗ್ಲಿಷು ಸ್ವಲ್ಪ ಬೇರೆ ಥರ" ಎಂದೆ, ಸೌಜನ್ಯಕ್ಕೆ. ಅವರು ನನ್ನ ಹೆಬ್ಬೆರಳನ್ನು ಅಗತ್ಯಕ್ಕಿಂತ ಸ್ವಲ್ಪ ಜೋರಾಗಿ ಬಗ್ಗಿಸಿದರು. "ಇದು ಇಂಗ್ಲಿಷ್ ಅಲ್ಲ ತಮ್ಮಾ, ಸ್ಕಾಟ್ಸ್. ನಮ್ಮ ಭಾಷಾ" ಎಂದರು. "ತಮ್ಮಾ" ಎಂದು ಅವರು ಕನ್ನಡದಲ್ಲಿ ಹೇಳಲಿಲ್ಲ ನಿಜ. "ಸನ್" ಎಂದರು. ಆದರೆ ಅವರ ಬಾಯಿಂದ ಬಂದದ್ದು ನನ್ನ ಕಿವಿಗೆ ಬಾಗಲಕೋಟೆಯ ಮಾತಿನ ಹಾಗೇ ಬಿದ್ದದ್ದರಿಂದ, ಇನ್ನು ಮುಂದೆಯೂ ಅವರ ಮಾತನ್ನು ಹಾಗೆಯೇ ಬರೆಯುತ್ತೇನೆ. ಅವರು ಆಫೀಸಿನ ವಿಷಯವನ್ನೆಲ್ಲ ಒಳ್ಳೆಯ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದರು. ಕೈಯನ್ನು ಮುಟ್ಟಿದ ಕೂಡಲೇ ಸ್ಕಾಟ್ಸ್ ಬಂದುಬಿಡುತ್ತಿತ್ತು. ಕೈ ಎಂದರೆ "ಹಾನ್". ಅಂಗೈ ಎಂದರೆ "ಲೂಫ್". ಕಂಕುಳು "ಆಕ್ಸ್‌ಟರ್". ಅಮೆರಿಕದವರೆಲ್ಲ ಕಿರುಬೆರಳಿಗೆ "ಪಿಂಕಿ" ಎನ್ನುವುದನ್ನು ನೀವೂ ಕೇಳಿರಬಹುದು. "ಅದೂ ನಮ್ಮಿಂದನ ಬಂದದ್ದು, ಇವ್ರಿಗೆ ಗೊತ್ತಽ ಇಲ್ಲ" ಎಂದು ಎಫಿ ಹೆಮ್ಮೆಯಿಂದ ಹೇಳುತ್ತಿದ್ದರು.

ಅವರು ಹೇಳಿದ ಒಂದು ಸಂಗತಿ ನನಗೆ ಬಹಳ ಹತ್ತಿರವೆನಿಸಿತು. ಚಿಕ್ಕವರಿದ್ದಾಗ ಶಾಲೆಯಲ್ಲಿ, ಮೇಷ್ಟ್ರು ಎಫಿಯವರ ಅಂಗೈ ತೋರಿಸಿ ಇದೇನೆಂದು ಕೇಳಿದರಂತೆ. ಎಫಿ "ಲೂಫ್" ಎಂದರಂತೆ. ಸರಿಯಾದ ಇಂಗ್ಲಿಷ್ ಹೇಳಲಿಲ್ಲವೆಂದು ಚರ್ಮದ ಪಟ್ಟಿಯಿಂದ ಅದೇ ಅಂಗೈ ಮೇಲೆ ಒಂದು ಬಾರಿಸಿದರಂತೆ. ಆ ಏಟಿಗೂ ಅವರ ಭಾಷೆಯಲ್ಲಿ ಒಂದು ಹೆಸರಿತ್ತು, "ಲೂಫಿ". "ಲೂಫ್ ಅಂದಿದ್ದಕ್ಕ ಲೂಫಿನ ಮ್ಯಾಲ ಲೂಫಿ ಬಿತ್ತು ನೋಡು" ಎಂದು ನಕ್ಕರು. ಬೆಂಗಳೂರಿನ ಕಾಲೇಜಿನಲ್ಲಿ ಮೊದಲ ದಿನ ನಾನು "ಯಾಕ್ರಿ, ಹಿಂಗ್ಯಾಕ ಮಾಡಾಕತ್ತೀರಿ" ಎಂದಾಗ ಇಡೀ ತರಗತಿ ನಕ್ಕದ್ದು ನೆನಪಾಯಿತು. ನನಗೆ ಏಟು ಬಿದ್ದಿರಲಿಲ್ಲ. ಆದರೆ ವಾರ ಕಳೆಯುವುದರೊಳಗೆ "ಏನಕ್ಕೆ ಹಿಂಗ್ ಮಾಡ್ತಿದೀರಾ" ಎನ್ನಲು ಕಲಿತಿದ್ದೆ. ಎಫಿ ಇಂಗ್ಲಿಷ್ ಕಲಿತರೂ ತಮ್ಮ ಮಾತು ಬಿಟ್ಟಿರಲಿಲ್ಲ. ಏಟು ತಿಂದ ಮಾತನ್ನು ಅರ್ಧ ಭೂಮಿ ದಾಟಿಸಿ ತಂದು, ಅದೇ ಮಾತಿನಲ್ಲಿ ಕಂಡವರ ಕೈ ರಿಪೇರಿ ಮಾಡುತ್ತಿದ್ದರು. ನನಗೆ ಅವರ ಮೇಲೆ ಅಂದೇ ಭಕ್ತಿ ಹುಟ್ಟಿತು.

ಎರಡನೆಯ ಸಲ ಹೋದಾಗ ಒಂದು ಬಕೆಟ್ ಅಕ್ಕಿ ತಂದು ಮುಂದಿಟ್ಟರು. ಅದರೊಳಗೆ ಕೈ ಹುಗಿದು ಬೆರಳಾಡಿಸಬೇಕು, ಅದು ವ್ಯಾಯಾಮ. ಊಟದ ಅಕ್ಕಿಯಲ್ಲಿ ಹಾಗೆ ಕೈಯಾಡಿಸಲು ನನಗೆ ಮನಸ್ಸು ಬರಲಿಲ್ಲ. ಒಂದು ಕಾಳನ್ನು ಕಣ್ಣಿಗೊತ್ತಿಕೊಂಡು ಶುರುಮಾಡಿದೆ. ಎಫಿ ತಾವೂ ಒಂದು ಕಾಳು ತೆಗೆದು ಕಣ್ಣಿಗೊತ್ತಿಕೊಂಡರು. ಆಮೇಲೆ ಎರಡೂ ಕೈ ಜೋಡಿಸಿ ಅಕ್ಕಿ ತುಂಬಿ ಎತ್ತಿ, "ಹಿಂಗ ತಗೀ, ಒಂದು ಗೌಪನ್" ಎಂದರು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. "ಬೊಗಸೆ!" ಎಂದು ಕೂಗಿದೆ. ಎರಡು ಕೈ ಸೇರಿಸಿ ಮಾಡಿದ ಆ ಬಟ್ಟಲಿಗೆ ಇಂಗ್ಲಿಷಿನಲ್ಲಿ ಪದ ಸಿಗದೆ ಎಷ್ಟೋ ಸಲ ನಾನು ತಡವರಿಸಿದ್ದೆ. ಸಮುದ್ರದಂಡೆಯಲ್ಲಿ ಮಗಳಿಗೆ "ಬೊಗಸೆಯಲ್ಲಿ ನೀರು ತಗೋ" ಎಂದು ಹೇಳಿ, ಅವಳ ಅಮೆರಿಕನ್ ಗೆಳತಿಗೆ ಅದನ್ನೇ ಹೇಳಲಾಗದೆ ಮೂಕಾಭಿನಯ ಮಾಡಿದ್ದೆ. ಇಲ್ಲಿ ನೋಡಿದರೆ ಈ ಮಂಜಿನ ಸಮುದ್ರದವರು ಯಾವ ಕಾಲದಿಂದಲೋ ಬೊಗಸೆ ಹಿಡಿದುಕೊಂಡು ಕೂತಿದ್ದಾರೆ! ಒಂದು ಹಿಡಿ ಎಂಬುದಕ್ಕೂ ಅವರಲ್ಲಿ ಮಾತಿತ್ತು, "ನೀವ್‌ಫು". ನಾವು ಹಿಡಿ ಅಕ್ಕಿ, ಬೊಗಸೆ ಅಕ್ಕಿ ಎನ್ನುವಂತೆ ಅವರ ಅಜ್ಜಿ ನೀವ್‌ಫು ಓಟ್ಸು, ಗೌಪನ್ ಓಟ್ಸು ಎನ್ನುತ್ತಿದ್ದರಂತೆ.

ಆ ಅಜ್ಜಿ ಹೆರಿಂಗ್ ಎಂಬ ಮೀನು ಹೆಚ್ಚುವ ಕೆಲಸದವರು. ಚಾಕು, ಉಪ್ಪು, ಚಳಿ. ಬೆರಳು ಕೊಯ್ದುಹೋಗದಿರಲೆಂದು ಒಂದೊಂದು ಬೆರಳಿಗೂ ಬೇರೆಬೇರೆಯಾಗಿ ಹಳೇ ಬಟ್ಟೆ ಸುತ್ತಿಕೊಂಡು ಹೋಗುತ್ತಿದ್ದರಂತೆ. ಮನೆಗೆ ಬಂದ ಮೇಲೆ ಪುಟ್ಟ ಎಫಿ ಕೂತು ಆ ಬಟ್ಟೆಗಳನ್ನು ಬಿಚ್ಚಬೇಕು. ಬಿಚ್ಚುತ್ತ ಬಿಚ್ಚುತ್ತ ಅಜ್ಜಿ ಒಂದೊಂದು ಬೆರಳಿನ ಹೆಸರು, ಒಡೆದ ಚರ್ಮದ ಹೆಸರು, ಗಾಯದ ಹೆಸರು ಹೇಳುತ್ತಿದ್ದರಂತೆ. "ಕೈಯಿಂದ ದುಡಿಯೂ ಮಂದಿಗೆ ಕೈ ಬಗ್ಗೆ ಮಾತು ಜಾಸ್ತಿ ಬೇಕಾಗ್ತಾವು ತಮ್ಮಾ" ಎಂದರು ಎಫಿ. ಅವರು ಈ ಉದ್ಯೋಗಕ್ಕೆ ಏಕೆ ಬಂದರೆಂದು ನಾನು ಆಮೇಲೆ ಕೇಳಲಿಲ್ಲ.

ಅಂದಿನಿಂದ ನಮ್ಮಿಬ್ಬರ ನಡುವೆ ಪದಗಳ ವ್ಯಾಪಾರ ಶುರುವಾಯಿತು. ಅವರು ಒಂದು ಪದ ಕೊಟ್ಟರೆ ನಾನು ಒಂದು ಕೊಡಬೇಕು. ಅವರು ಎಡಗೈಯವರಿಗೆ "ಕೋರಿ-ಫಿಸ್ಟಿಡ್" ಎಂದರೆ ನಾನು "ಎಡಚ" ಎಂದೆ. ನಾನು ಚಿಟಿಕೆ ಕೊಟ್ಟೆ, ಗೇಣು ಕೊಟ್ಟೆ, ಮೊಳ ಕೊಟ್ಟೆ. ಮನೆಯಲ್ಲೂ ಅದೇ ಧ್ಯಾನ. ಸ್ಯಾನ್ ಡಿಯಾಗೊಗೆ ಫೋನ್ ಮಾಡಿ, ಆಫೀಸಿನ ಮೀಟಿಂಗಿನಲ್ಲಿದ್ದ ಪ್ರಕಾಶನನ್ನು ಹೊರಗೆ ಕರೆಸಿ, "ಉಂಗುರದ ಬೆರಳಿಗೆ ಕನ್ನಡದಾಗ ಬ್ಯಾರೆ ಹೆಸರು ಏನೈತೋ?" ಎಂದು ಕೇಳಿದೆ. ಅವನು "ಲೋ ಬಸೂ, ನಿನ್ ಕೈ ಹೆಂಗಿದ್ಯೋ ಅದ್ ಹೇಳು" ಎಂದ. ಸುಮಾ ಅಡುಗೆಮನೆಯಿಂದ, "ಕೈ ಯಾವಾಗ ಸರಿಹೋಗತ್ತೆ ಅಂತ ಕೇಳಿದ್ರೆ ಕೈಗೆ ಎಷ್ಟು ಹೆಸ್ರು ಅಂತ ಹೇಳ್ತಾರೆ" ಎಂದಳು. ಎಡಗೈಯಲ್ಲಿ ಬರೆಯುವ ಮೇಘಾಗೆ ಮಾತ್ರ "ಕೋರಿ-ಫಿಸ್ಟಿಡ್" ಎಂಬುದು ಏನೋ ಬಿರುದಿನಂತೆ ಕೇಳಿ, ಎಫಿಯವರನ್ನು ನೋಡಲೇಬೇಕೆಂದು ಒಂದು ದಿನ ನನ್ನ ಜೊತೆ ಬಂದಳು. ಎಫಿ ನನ್ನ ಕೈ ಬಗ್ಗಿಸುತ್ತಿದ್ದರು. ನಾನು ಹಲ್ಲು ಕಚ್ಚಿಕೊಂಡಿದ್ದೆ. ಅವರು ಮೇಘಾಗೆ, "ಕ್ಲ್ಯಾಪ್ ಯುವರ್ ಫೇದರ್ಸ್ ಹಾನ್" ಎಂದರು. ಮಗಳು ಎದ್ದು ನಿಂತು ಜೋರಾಗಿ ಚಪ್ಪಾಳೆ ಹೊಡೆದಳು. ಪಕ್ಕದ ಮೇಜಿನಲ್ಲಿದ್ದ ಬಂದರಿನ ಕೆಲಸಗಾರರೊಬ್ಬರು, ನನಗೇನೋ ಗುಣವಾಯಿತೆಂದು ತಿಳಿದು, ತಮ್ಮ ಪಟ್ಟಿ ಕಟ್ಟಿದ ಕೈಯಿಂದಲೇ ಚಪ್ಪಾಳೆ ಹೊಡೆದರು. ಎಫಿ ಹೇಳಿದ್ದು ಅಪ್ಪನ ಕೈ ಸವರು ಎಂದು. ಅವರಲ್ಲಿ ಮಗುವಿನ ತಲೆ ನೇವರಿಸಿದರೂ, ನಾಯಿಯ ಬೆನ್ನು ತಟ್ಟಿದರೂ ಅದು ಕ್ಲ್ಯಾಪ್.

ಇಷ್ಟೆಲ್ಲ ಚೆನ್ನಾಗಿ ನಡೆಯುತ್ತಿದ್ದಾಗ ಒಂದು ದಿನ ಎಫಿ ಅಳತೆಯ ಸಾಧನ ತಂದು ನನ್ನ ಮಣಿಕಟ್ಟಿನ ಮೇಲಿಟ್ಟು ನೋಡಿದರು. ಇನ್ನೊಮ್ಮೆ ನೋಡಿದರು. ಮುಖದ ಮೇಲಿನ ನಗು ಹೋಯಿತು.

"ಮನ್ಯಾಗ ನಾ ಹೇಳಿದ್ದು ಮಾಡಾಕತ್ತೀಯೇನು?"

"ಮಾಡ್ತೀನ್ರಿ."

"ಸುಳ್ಳು ಹೇಳಬ್ಯಾಡ. ಬಾಯಿಗೆ ಬರ್ತೈತಿ, ಕೈಗೆ ಸುಳ್ಳು ಹೇಳಾಕ ಬರೂದಿಲ್ಲ. ನಿನ್ನ ನಾಲಿಗಿ ಭಾಳ ಚುರುಕೈತಿ ತಮ್ಮಾ. ಆದ್ರ ಮುರದದ್ದು ನಾಲಿಗಿ ಅಲ್ಲ."

ನಾನು ತಲೆ ತಗ್ಗಿಸಿದೆ. ಮನೆಯಲ್ಲಿ ಮಣಿಕಟ್ಟು ಬಗ್ಗಿಸಲು ಹೋದರೆ ಜೀವ ಹೋಗುವ ನೋವು. ಅದಕ್ಕಿಂತ ಪದ ಹುಡುಕುವುದು ಸುಖವಾಗಿತ್ತು. ಎಫಿ ದನಿ ಏರಿಸಲಿಲ್ಲ. "ಈ ಹೊತ್ತಿನ್ಯಾಗ ಬಗ್ಗಿಸಲಿಲ್ಲ ಅಂದ್ರ ಇದು ಹಿಂಗಽ ಕೂತುಬಿಡ್ತೈತಿ. ಆಮ್ಯಾಲ ನಾ ಎಷ್ಟ ಎಳದ್ರೂ ಬರಂಗಿಲ್ಲ" ಎಂದರು. ಹೊರಗೆ ಬಂದು ಕಾರಿನ ಬಾಗಿಲು ತೆರೆಯಲು ಹೋದೆ, ಬೀಗದ ಕೈಯನ್ನು ಬಲಗೈಯಿಂದ ತಿರುಗಿಸಲಾಗಲಿಲ್ಲ. ಅಲ್ಲಿಯ ತನಕ ಅದನ್ನು ತಾತ್ಕಾಲಿಕ ತೊಂದರೆ ಎಂದುಕೊಂಡಿದ್ದೆ. ಈಗ ಇನ್ನುಳಿದ ಆಯುಷ್ಯವೆಲ್ಲ ಹೀಗೇ ಎಡಗೈಯಿಂದ ಬೀಗ ತೆಗೆಯುವುದು ಕಣ್ಣಮುಂದೆ ಬಂತು. ಅಂದು ಊಟಕ್ಕೆ ಕೂತಾಗ ಸುಮಾ ನಾನು ಕೇಳದೆಯೇ ಚಪಾತಿಯನ್ನು ಸಣ್ಣ ಸಣ್ಣ ಚೂರು ಮಾಡಿ ತಟ್ಟೆಗೆ ಹಾಕಿ ಚಮಚ ಇಟ್ಟಳು. ಪ್ಲಾಸ್ಟರ್ ಹಾಕಿದ ದಿನದಿಂದಲೂ ಹಾಗೆಯೇ ಮಾಡುತ್ತಿದ್ದಳು. ಒಂದು ದಿನವೂ ಅದನ್ನು ಆಡಿರಲಿಲ್ಲ, ನಾನೂ ನೋಡಿರಲಿಲ್ಲ. ಆ ದಿನ ನೋಡಿದೆ.

ಮುಂದಿನ ಸಲ ಹೋದಾಗ ಎಫಿ ಬಕೆಟ್ ತರಲಿಲ್ಲ. ಎದುರು ಕೂತು, "ಈ ಕೈ ನಿನಗ ಎದಕ್ಕ ಬೇಕು? ಖರೇ ಹೇಳು" ಎಂದರು. ಅಲ್ಲಿಗೆ ಬರುವವರೆಲ್ಲ ಗಾಲ್ಫು, ಟೈಪಿಂಗು, ಗಿಟಾರು ಎನ್ನುತ್ತಿದ್ದರಂತೆ. ನಾನು "ರೊಟ್ಟಿ" ಎಂದೆ. ಅದೇನೆಂದು ವಿವರಿಸಿದೆ. ಪ್ರಕಾಶನ ಗೃಹಪ್ರವೇಶಕ್ಕೆ ಕೊಟ್ಟ ಮಾತನ್ನೂ ಹೇಳಿದೆ. ಅವರು ಯೋಚಿಸಿ, "ಹಂಗಾರ ಹಿಟ್ಟು ತಗೊಂಬಾ" ಎಂದರು.

ರೋಗಿಗಳಿಗೆ ಅಭ್ಯಾಸವಾಗಲೆಂದು ಕ್ಲಿನಿಕ್ಕಿನಲ್ಲಿ ಒಂದು ಪುಟ್ಟ ಅಡುಗೆಮನೆ ಇತ್ತು. ಆರ್ಟೀಸಿಯಾದ ಇಂಡಿಯನ್ ಅಂಗಡಿಯಿಂದ ಜೋಳದ ಹಿಟ್ಟು ತಂದು, ಮನೆಯಿಂದ ಹಂಚು ತಂದು ಅಲ್ಲಿಟ್ಟೆ. ಕುದಿಯುವ ನೀರು ಹಾಕಿ ಕಲಸಿ ನಾದಲು ಅಂಗೈ ಊರಿದೆ. ನೋವು ಭುಜದ ತನಕ ಹೊಡೆಯಿತು. ಎಫಿ ಬಗ್ಗಿ ನನ್ನ ಮಣಿಕಟ್ಟನ್ನೇ ನೋಡುತ್ತಿದ್ದರು. "ನಿಲ್ಲಸಬ್ಯಾಡ. ಇಷ್ಟು ದಿನ ನಾ ಬಡಕೊಂಡಿದ್ದು ಇದನ್ನಽ!" ಎಂದರು. ನಾದುವಾಗ ಅಂಗೈಯ ಬುಡಕ್ಕೆ ಭಾರ ಬಿಟ್ಟು ಮಣಿಕಟ್ಟು ಹಿಂದಕ್ಕೆ ಬಗ್ಗಬೇಕು. ನನ್ನ ಕೈಗೆ ಬೇಕಾಗಿದ್ದುದೂ ಅದೇ. ಆಮೇಲೆ ಹಿಟ್ಟಿನ ಉಂಡೆಯನ್ನು ಮಣೆಯ ಮೇಲಿಟ್ಟು ಮೆಲ್ಲಗೆ ಬಡಿಯತೊಡಗಿದೆ. ನಮ್ಮ ಕಡೆ ರೊಟ್ಟಿ ಬಡಿಯುವುದು ಎನ್ನುತ್ತೇವೆ. ಸುಮಾ ತಟ್ಟುವುದು ಎನ್ನುತ್ತಾಳೆ. ಈ ವಿಷಯಕ್ಕೆ ಮದುವೆಯಾದಾಗಿನಿಂದ ನಮ್ಮಲ್ಲಿ ವಾದವಿದೆ. ಎಫಿ ನೋಡಿದವರೇ, "ಅಯ್ಯ, ಇದನ್ನ ಕ್ಲ್ಯಾಪ್ ಮಾಡ್ತೀರಿ ನೀವು! ನಮ್ಮಜ್ಜಿ ಓಟ್ಸಿನ ರೊಟ್ಟಿ ಹಿಂಗಽ ಕ್ಲ್ಯಾಪ್ ಮಾಡ್ತಿದ್ಲು" ಎಂದು ಅಂಗಿಯ ತೋಳು ಮಡಚಿ ತಾವೂ ಒಂದು ಉಂಡೆ ತೆಗೆದುಕೊಂಡರು. ಚಪ್ಪಾಳೆ ತಟ್ಟು, ಬೆನ್ನು ತಟ್ಟು, ರೊಟ್ಟಿ ತಟ್ಟು. ಮೂರಕ್ಕೂ ಕನ್ನಡದಲ್ಲಿ ಒಂದೇ ಮಾತು, ಮೂರಕ್ಕೂ ಸ್ಕಾಟ್ಸಿನಲ್ಲಿ ಒಂದೇ ಮಾತು. ನನಗೆ ಮೈ ಜುಮ್ಮೆಂದಿತು. ಹಿಂದೆಯೇ, ಇದರಿಂದ ಸುಮಾ ವಾದದಲ್ಲಿ ಗೆದ್ದ ಹಾಗಾಯಿತೆಂದು ಹೊಳೆದು, ಮನೆಯಲ್ಲಿ ಹೇಳುವುದು ಬೇಡವೆಂದು ತೀರ್ಮಾನಿಸಿದೆ. ಪಕ್ಕದ ಮೇಜಿನ ಬಂದರಿನ ಕೆಲಸಗಾರರು ಬಂದು ನೋಡಿ, "ನಮ್ಮ ದೇಶದಲ್ಲಿ ಅಮ್ಮ ತೋರ್ತಿಯಾ ರೊಟ್ಟಿ ಹೀಗೇ ಮಾಡುತ್ತಿದ್ದರು" ಎಂದು ಇನ್ನೊಂದು ಉಂಡೆ ತೆಗೆದುಕೊಂಡರು. ಅಂದು ಆ ಕ್ಲಿನಿಕ್ಕಿನಲ್ಲಿ ಮೂರು ದೇಶದ ಕೈಗಳು ಹಿಟ್ಟು ತಟ್ಟಿದವು. ನಾನು ನೋವನ್ನು ಎಷ್ಟೋ ಹೊತ್ತು ಮರೆತೇಬಿಟ್ಟಿದ್ದೆ.

ಆಮೇಲಿನ ದಿನಗಳಲ್ಲಿ ನಮ್ಮ ಮನೆಯ ಮೇಲೆ ರೊಟ್ಟಿಯ ಮಳೆ ಸುರಿಯಿತು. ವ್ಯಾಯಾಮವೆಂದು ಬೆಳಿಗ್ಗೆ ನಾದುವುದು, ವ್ಯಾಯಾಮವೆಂದು ಸಂಜೆ ಬಡಿಯುವುದು. ತಿಂದು ಮುಗಿಯದೆ ಒಣಗಿಸಿಟ್ಟೆವು. ಒಣಗಿದ್ದು ಕಪಾಟು ತುಂಬಿ ಸೋಫಾದ ಪಕ್ಕಕ್ಕೆ ಬಂತು. ಮೇಘಾ ಅದನ್ನು ಮುರಿದು ಡಬ್ಬಿಗೆ ತುಂಬಿ ಶಾಲೆಯಲ್ಲಿ "ಇಂಡಿಯನ್ ಚಿಪ್ಸ್" ಎಂದು ಹಂಚಿಬಂದಳು. ಆಫೀಸಿನಲ್ಲಿ ನಾನು ಬರುವುದು ಕಂಡರೆ ಸಹೋದ್ಯೋಗಿಗಳು ಫೋನ್ ಎತ್ತಿಕೊಳ್ಳತೊಡಗಿದರು. ಆದರೆ ಕೈ ಬಗ್ಗತೊಡಗಿತು. ಒಂದು ದಿನ ಎಫಿ "ನೀವ್" ಎಂದಾಗ ಐದೂ ಬೆರಳುಗಳು ಬಂದು ಅಂಗೈ ಮುಟ್ಟಿದವು. ಎಫಿ ನನ್ನ ಮುಷ್ಟಿಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು ಒಮ್ಮೆ ಮೆಲ್ಲಗೆ ತಟ್ಟಿದರು.

ಗೃಹಪ್ರವೇಶಕ್ಕೆ ಅವರನ್ನೂ ಕರೆದುಕೊಂಡು ಹೋದೆವು. ಪೂಜೆ ಮುಗಿದ ಮೇಲೆ, ಹೊಸ ಮನೆಯ ಹೊಗೆ ಅಲಾರಂ ಕೂಗಿಕೊಂಡೀತೆಂದು ಪ್ರಕಾಶ ಹಿತ್ತಿಲಿನಲ್ಲಿ ಒಲೆ ಹಾಕಿಸಿದ್ದ. ಕೈ ಮುರಿದವನು ರೊಟ್ಟಿ ಮಾಡುತ್ತಾನಂತೆ ಎಂದು ಸುದ್ದಿಯಾಗಿ ಎಲ್ಲರೂ ಸುತ್ತ ನಿಂತರು. ಪೊಮೊನಾದಿಂದ ಬಂದಿದ್ದ, ಹಾವೇರಿ ಕಡೆಯ ಹಿರಿಯರಾದ ಕಮಲಾ ಆಂಟಿ ಕುರ್ಚಿ ಹಾಕಿಸಿಕೊಂಡು ಎದುರಿಗೇ ಕೂತರು. ನಾನು ನಾದಿದೆ, ಬಡಿದೆ. ಮಣಿಕಟ್ಟು ಬೆಣ್ಣೆಯಂತೆ ಆಡುತ್ತಿತ್ತು. ಎಫಿ ತಮ್ಮ ಮಗನ ಮದುವೆ ನೋಡುವವರಂತೆ ನೋಡುತ್ತಿದ್ದರು. ಆ ಹುರುಪಿನಲ್ಲಿ ಒಂದು ದೊಡ್ಡ ರೊಟ್ಟಿಯನ್ನು ಎರಡೂ ಅಂಗೈ ಮೇಲೆ ಎತ್ತಿಕೊಂಡು, ಎಲ್ಲರಿಗೂ ಕಾಣಲೆಂದು ಒಂದು ಸುತ್ತು ತಿರುಗಿದೆ. ಅರ್ಧ ರೊಟ್ಟಿ ಹಂಚಿನ ಮೇಲೆ ಬಿತ್ತು. ಇನ್ನರ್ಧ ಪ್ರಕಾಶನ ರೇಷ್ಮೆ ಪಂಚೆಯ ಮೇಲೆ ಬಿತ್ತು.

"ಏನಾತೋ ತಮ್ಮಾ?" ಎಂದರು ಕಮಲಾ ಆಂಟಿ.

"ಕೈ ಇನ್ನೂ ಪೂರ್ತಿ ಸರಿ ಆಗಿಲ್ರಿ ಆಂಟಿ" ಎಂದೆ, ಮುಖ ಸಪ್ಪಗೆ ಮಾಡಿ. ಸುತ್ತ ನಿಂತವರೆಲ್ಲ ಅಯ್ಯೋ ಪಾಪ ಎಂದರು. ಎಫಿ ಪ್ರಕಾಶನ ಕಡೆ ತಿರುಗಿ ನಾನು ಏನು ಹೇಳಿದೆನೆಂದು ಕೇಳಿದರು. ಪಂಚೆ ಕೊಡವಿಕೊಳ್ಳುತ್ತಿದ್ದ ಪ್ರಕಾಶ ಒಂದಕ್ಷರ ಬಿಡದೆ ಅನುವಾದ ಮಾಡಿದ.

ಎಫಿಯವರ ಮುಖ ಕೆಂಪಾಯಿತು. ಇದು ಅವರ ಕೆಲಸದ ಮರ್ಯಾದೆಯ ಪ್ರಶ್ನೆ. ನೇರ ಬಂದವರೇ ಹಿಟ್ಟು ಮೆತ್ತಿದ ನನ್ನ ಕೈ ಹಿಡಿದು ಜನರ ಮುಂದೆ ಎತ್ತಿದರು. "ನೀವ್" ಎಂದರು. ಮುಷ್ಟಿ ಕಟ್ಟಿದೆ. "ಲೂಫ್ ಮ್ಯಾಲ. ಲೂಫ್ ಕೆಳಗ." ತಿರುಗಿಸಿದೆ. "ಗೌಪನ್." ಬೊಗಸೆ ಹಿಡಿದೆ. ಒಂದೊಂದು ಬೆರಳನ್ನೂ ಹೆಬ್ಬೆರಳಿಗೆ ಮುಟ್ಟಿಸಿದರು. "ನೋಡ್ರಿ ಎಲ್ಲಾರೂ. ಈ ಕೈಗೆ ಏನೂ ಆಗಿಲ್ಲ" ಎಂದು ಘೋಷಿಸಿ, ಸುಮಾಳನ್ನು ಕರೆದು ಕೇಳಿದರು: "ಕೈ ಮುರಿಯೂಕಿಂತ ಮೊದಲ ಇಂವನ ರೊಟ್ಟಿ ಹೆಂಗಿರ್ತಿತ್ತು?"

ಸುಮಾ ನನ್ನನ್ನು ನೋಡಿದಳು. ಹಂಚಿನ ಮೇಲಿದ್ದ ಅರ್ಧ ರೊಟ್ಟಿಯನ್ನು ನೋಡಿದಳು. ಅವಳು ಸುಳ್ಳು ಹೇಳುವವಳಲ್ಲ. "ಹೀಗೇ" ಎಂದಳು. ಪ್ರಕಾಶ, "ಎರಡು ವರ್ಷ ತಿಂದಿದೀನಿ. ಹೀಗೇ" ಎಂದ.

ಎಫಿ ನನ್ನ ಕೈ ಬಿಟ್ಟರು. "ಹಾನ್‌ಲೆಸ್!" ಎಂದರು. ಎರಡು ಕೈ ನೆಟ್ಟಗಿದ್ದೂ ಒಂದು ಕೆಲಸ ನೆಟ್ಟಗೆ ಬಾರದವನಿಗೆ ಅವರ ಊರಿನಲ್ಲಿ ಹಾಗೆನ್ನುತ್ತಾರಂತೆ. ನನಗೆ ಅವಮಾನವಾಗಬೇಕಿತ್ತು. ಆದರೆ ಏನು ಮಾಡಲಿ, ಆ ಪದದ ಸೊಗಸಿಗೆ ನಾನು ಮರುಳಾಗಿಹೋದೆ. ಎಂಥ ಮಾತು! ಕೈಯಿದ್ದೂ ಕೈಯಿಲ್ಲದವನು! ಇದಕ್ಕೆ ಸರಿಸಾಟಿಯಾದದ್ದು ಕನ್ನಡದಲ್ಲಿ ಇದ್ದೇ ಇರಬೇಕು ಎಂದು ಅಷ್ಟು ಜನರ ನಡುವೆ ಕಣ್ಣು ಮುಚ್ಚಿ ಯೋಚಿಸುತ್ತ ನಿಂತೆ.

"ಕೈಲಾಗದವನು" ಎಂದಳು ಸುಮಾ.

ಉಳಿದ ರೊಟ್ಟಿಗಳನ್ನು ಎಫಿ ತಟ್ಟಿದರು. ತೆಳ್ಳಗೆ, ದುಂಡಗೆ, ಹಂಚಿನ ಮೇಲೆ ಹಾಕಿದ ಕೂಡಲೇ ಉಬ್ಬುತ್ತಿದ್ದವು. ಕಮಲಾ ಆಂಟಿ ಎರಡು ತಿಂದು, "ಈ ಯಕ್ಕನ ಕೈಗುಣ ಭಾಳ ಛಲೋ ಐತಿ" ಎಂದು ಮೂರನೆಯದಕ್ಕೆ ತಟ್ಟೆ ಚಾಚಿದರು. ಆ ಮೇಲೆ ಸ್ಯಾನ್ ಡಿಯಾಗೊದಲ್ಲಿ ಯಾರ ಮನೆಯಲ್ಲಿ ಊಟವಿದ್ದರೂ ನಮಗೆ ತಪ್ಪದೆ ಕರೆ ಬರುತ್ತದೆ. "ಎಫಿ ಬರ್ತಾರಾ?" ಎಂದು ಮೊದಲು ಕೇಳುತ್ತಾರೆ. ಬರುತ್ತಾರೆ ಎಂದರೆ, ಒಂದು ಕ್ಷಣ ತಡೆದು, "ನೀವೂ ಬರ್ತೀರಾ?" ಎನ್ನುತ್ತಾರೆ. ಬರದೆ ಹೇಗೆ? ಎಫಿಯವರಿಗೆ ಫ್ರೀವೇಯಲ್ಲಿ ಕಾರು ಓಡಿಸಲು ಭಯ. ಸ್ಟೀರಿಂಗ್ ಹಿಡಿಯಲು ಯಾರದಾದರೂ ಒಂದು ಕೈ ಬೇಕಲ್ಲ.